ಹತ್ತಿರದ ಶಾಲೆಯೋ, ದೂರದ ಒಳ್ಳೆಯ ಶಾಲೆಯೋ: ಕೊಡಗಿನ ಪೋಷಕರಿಗೊಂದು ಲೆಕ್ಕಾಚಾರ

ಕೊಡಗಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವುದು ಬೇಸಿಗೆಯಲ್ಲಿ, ಕಳಿಸುವುದು ಮಳೆಯಲ್ಲಿ. ತಪ್ಪು ಲೆಕ್ಕ ಶುರುವಾಗುವುದೇ ಇಲ್ಲಿಂದ. ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಅರ್ಜಿ ತರಲು ಕಾರಿನಲ್ಲಿ ಹೋದಾಗ ರಸ್ತೆ ಒಣಗಿರುತ್ತದೆ, ಬಿಸಿಲಿರುತ್ತದೆ, ನಾಪೋಕ್ಲಿನಿಂದ ಮಡಿಕೇರಿ ಏನು ಮಹಾ ದೂರ ಅನ್ನಿಸುತ್ತದೆ. ಜುಲೈ ತಿಂಗಳ ಬೆಳಿಗ್ಗೆ ಏಳು ಗಂಟೆಗೆ ಅದೇ ದಾರಿಯಲ್ಲಿ ಮಂಜು ಕವಿದಿರುತ್ತದೆ, ಎಲ್ಲೋ ಒಂದು ಸಿಲ್ವರ್ ಓಕ್ ಬಿದ್ದಿರುತ್ತದೆ. ಹತ್ತು ಹದಿನೈದು ಕಡೆ ನಿಂತು ನಿಂತು ಹೋಗುವ ವ್ಯಾನಿನ ಹಿಂದಿನ ಸೀಟಿನಲ್ಲಿ ಒದ್ದೆ ಬೂಟು ಹಾಕಿಕೊಂಡ ಎಂಟು ವರ್ಷದ ಮಗು ಕೂತಿರುತ್ತದೆ. ನಿರ್ಧಾರ ಮಾಡಬೇಕಾದದ್ದು ಆ ಬೆಳಗನ್ನು ಕಣ್ಣ ಮುಂದಿಟ್ಟುಕೊಂಡು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಾಲ್ಕನೇ ತರಗತಿವರೆಗೆ ಮನೆ ಬಾಗಿಲಿನಿಂದ ಶಾಲೆ ಬಾಗಿಲಿಗೆ ಒಂದು ಕಡೆಗೆ ಅರ್ಧ ಗಂಟೆ, ಐದರಿಂದ ಏಳರವರೆಗೆ ಮುಕ್ಕಾಲು ಗಂಟೆ, ಎಂಟರಿಂದ ಹತ್ತರವರೆಗೆ ಒಂದು ಗಂಟೆ. ಇದನ್ನು ದಾಟಿದರೆ ದೂರದ ಶಾಲೆ ‘ಒಳ್ಳೆಯದು’ ಅನ್ನುವ ಮಾತು ಸಾಲದು. ಯಾವ ವಿಷಯದಲ್ಲಿ ಒಳ್ಳೆಯದು ಎಂದು ಬೆರಳಿಟ್ಟು ತೋರಿಸುವಂತಿರಬೇಕು. ಒಂದೂವರೆ ಗಂಟೆ ದಾಟಿದರೆ, ನಮ್ಮ ಮಟ್ಟಿಗೆ, ಅದು ಶಾಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಾಸ್ಟೆಲ್ಲೋ, ಮನೆ ಬದಲಾವಣೆಯೋ ಎಂಬ ಪ್ರಶ್ನೆಯಾಗುತ್ತದೆ.

ದಾರಿಯನ್ನು ನಿಮಿಷದಲ್ಲಿ ಅಳೆಯಿರಿ

ಸುಂಟಿಕೊಪ್ಪದಿಂದ ಮಡಿಕೇರಿಗೆ ಸುಮಾರು 15 ಕಿಲೋಮೀಟರ್, ವಿರಾಜಪೇಟೆಯಿಂದ ಮಡಿಕೇರಿಗೆ 30, ಭಾಗಮಂಡಲದಿಂದ ಹೆಚ್ಚುಕಡಿಮೆ 40. ಈ ಅಂಕಿಗಳಿಂದ ಮಗುವಿನ ದಿನ ಹೇಗಿರುತ್ತದೆಂದು ಗೊತ್ತಾಗುವುದಿಲ್ಲ. ಮಗುವಿನ ಪ್ರಯಾಣದಲ್ಲಿ ಐದು ತುಂಡುಗಳಿವೆ: ಮನೆಯಿಂದ ತೋಟದ ಗೇಟಿಗೆ ಬರುವುದು, ಗೇಟಿನಲ್ಲಿ ಕಾಯುವುದು, ವಾಹನದಲ್ಲಿ ಕೂರುವುದು, ಶಾಲೆ ತಲುಪಿದ ಮೇಲೆ ಗಂಟೆ ಹೊಡೆಯುವವರೆಗೆ ಕಾಯುವುದು, ಸಂಜೆ ಶಾಲೆ ಬಿಟ್ಟ ಮೇಲೆ ವಾಹನ ಹೊರಡುವವರೆಗೆ ಕಾಯುವುದು. ನಾವೆಲ್ಲ ಲೆಕ್ಕ ಹಾಕುವುದು ಮೂರನೆಯದನ್ನು ಮಾತ್ರ. ಉಳಿದ ನಾಲ್ಕು ಸೇರಿದರೆ ಎಷ್ಟೋ ಸಲ ಅದಕ್ಕೆ ಸಮನಾಗುತ್ತದೆ.

ಇದರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಈ ಬಸ್ಸು ಬೆಳಿಗ್ಗೆ ಎಷ್ಟು ಟ್ರಿಪ್ ಹೊಡೆಯುತ್ತದೆ? ಒಂದೇ ಬಸ್ಸು ಎರಡು ಮಾರ್ಗ ನೋಡಿಕೊಳ್ಳುವ ಶಾಲೆಗಳಲ್ಲಿ ಮೊದಲ ಟ್ರಿಪ್ಪಿನ ಮಕ್ಕಳು ಎಂಟಕ್ಕೇ ಶಾಲೆಯಲ್ಲಿರುತ್ತಾರೆ, ಪಾಠ ಶುರುವಾಗುವುದು ಒಂಬತ್ತಕ್ಕೆ. ಆ ಒಂದು ಗಂಟೆ ಅವರನ್ನು ನೋಡಿಕೊಳ್ಳುವವರು ಯಾರು, ಕೋಣೆ ತೆರೆದಿರುತ್ತದೆಯೋ ಅಥವಾ ಜಗಲಿಯಲ್ಲಿ ನಿಲ್ಲಬೇಕೋ ಎಂದು ಕೇಳಿ. ಎರಡನೆಯ ಪ್ರಶ್ನೆ, ನಿಮ್ಮ ಮಗು ಸುತ್ತಿನಲ್ಲಿ ಎಲ್ಲಿ ಬರುತ್ತದೆ ಎಂಬುದು. ಬೆಳಿಗ್ಗೆ ಮೊದಲು ಹತ್ತಿ ಸಂಜೆ ಕೊನೆಗೆ ಇಳಿಯುವ ಮಗುವಿಗೂ ನಡುವೆ ಹತ್ತಿ ನಡುವೆ ಇಳಿಯುವ ಮಗುವಿಗೂ ಒಂದೇ ವ್ಯಾನಿನಲ್ಲಿ ದಿನಕ್ಕೆ ಒಂದು ಗಂಟೆಯಷ್ಟು ಅಂತರ ಬೀಳಬಹುದು. ಶುಲ್ಕ ಮಾತ್ರ ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ.

ವರ್ಷದ ಲೆಕ್ಕ ಹೀಗೆ ಹಾಕಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. 6ರಿಂದ 8ಕ್ಕೆ 220 ದಿನ, 1,000 ಗಂಟೆ. ಒಂದು ಕಡೆಗೆ 75 ನಿಮಿಷವಾದರೆ ದಿನಕ್ಕೆ ಎರಡೂವರೆ ಗಂಟೆ, 220 ದಿನಕ್ಕೆ 550 ಗಂಟೆ. ಅಂದರೆ ವರ್ಷವಿಡೀ ನಡೆಯುವ ಪಾಠದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಗು ರಸ್ತೆಯಲ್ಲಿ ಕಳೆಯುತ್ತದೆ. ಅದೇ 35 ನಿಮಿಷವಾದರೆ 257 ಗಂಟೆಯಾಗುತ್ತದೆ. ನಡುವಿನ ಸುಮಾರು 290 ಗಂಟೆಯಲ್ಲಿ ಓದಬಹುದಾದ, ಆಡಬಹುದಾದ, ನಿದ್ದೆ ಮಾಡಬಹುದಾದದ್ದನ್ನು ದೂರದ ಶಾಲೆ ತುಂಬಿಕೊಡುತ್ತದೆಯೇ ಎಂಬುದೇ ನಿಜವಾದ ಹೋಲಿಕೆ.

ಮೊದಲು ಪೆಟ್ಟು ಬೀಳುವುದು ನಿದ್ದೆಗೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ತಜ್ಞರು. ಹತ್ತು ಗಂಟೆ ಎಂದೇ ಹಿಡಿಯೋಣ. ಏಳಕ್ಕೆ ವ್ಯಾನು ಹತ್ತಬೇಕಾದ ಮೂರನೇ ತರಗತಿಯ ಮಗು 5.45ಕ್ಕೆ ಏಳಬೇಕು, ಹಾಗಾದರೆ ರಾತ್ರಿ 7.45ಕ್ಕೆ ಮಲಗಿರಬೇಕು. ಸಂಜೆ ಮನೆ ಸೇರುವುದು 5.30ಕ್ಕೆ. ಕೈಕಾಲು ತೊಳೆದು, ತಿಂಡಿ ತಿಂದು, ಹೋಂವರ್ಕ್ ಮುಗಿಸಿ, ಊಟ ಮಾಡಿ, ಆಟವನ್ನೂ ಆಡಲು ಉಳಿಯುವುದು ಎರಡೂಕಾಲು ಗಂಟೆ ಮಾತ್ರ. ರಾತ್ರಿ ಊಟವೇ ಎಂಟೂವರೆಗೆ ನಡೆಯುವ ಮನೆಗಳಲ್ಲಿ ಇದು ಆಗುವ ಮಾತಲ್ಲ. ದಿನಕ್ಕೆ ಒಂದೂವರೆ ಗಂಟೆ ನಿದ್ದೆ ಖೋತಾ ಆಗುತ್ತದೆ. ನಿದ್ದೆಗೆಟ್ಟ ಮಗುವನ್ನು ಎಂಥ ಒಳ್ಳೆಯ ಟೀಚರ ಮುಂದೆ ಕೂರಿಸಿದರೂ ತೂಕಡಿಸುತ್ತದೆ.

ಪ್ರಯೋಗ ಮಾಡಿ ನೋಡುವುದಕ್ಕೆ ಹಣ ಬೇಕಾಗಿಲ್ಲ. ಶುಲ್ಕ ಕಟ್ಟುವ ಮೊದಲು, ಶಾಲೆ ನಡೆಯುತ್ತಿರುವ ಎರಡು ದಿನ, ಶಾಲೆಯ ಹೊತ್ತಿಗೇ ಆ ದಾರಿಯಲ್ಲಿ ಸಾರ್ವಜನಿಕ ಬಸ್ಸಿನಲ್ಲೋ ವ್ಯಾನಿನ ಹಿಂದೆಯೋ ಹೋಗಿ ಬನ್ನಿ. ಬಂದ ಸಮಯಕ್ಕೆ ಮಳೆಗಾಲದ ಲೆಕ್ಕದಲ್ಲಿ ಮೂರನೇ ಒಂದು ಭಾಗ ಸೇರಿಸಿ. ಒಣ ದಿನ 45 ನಿಮಿಷ ಬಂದರೆ ಒಂದು ಗಂಟೆ ಎಂದೇ ಬರೆದುಕೊಳ್ಳಿ.

‘ಒಳ್ಳೆಯ ಶಾಲೆ’ ಎಂದರೆ ಏನನ್ನು ನೋಡಬೇಕು

ಕಟ್ಟಡ, ಟೈ, ಶೂ, ವಾರ್ಷಿಕೋತ್ಸವದ ವಿಡಿಯೋ — ಇವು ಯಾವುವೂ ಲೆಕ್ಕಕ್ಕಿಲ್ಲ. ಕಾರ್ಯಕ್ರಮವಿಲ್ಲದ ಮಂಗಳವಾರವೋ ಬುಧವಾರವೋ ಹತ್ತೂವರೆ ಹೊತ್ತಿಗೆ ಹೋಗಿ. ಎರಡೂ ಶಾಲೆಗಳಿಗೆ ಹೋಗಿ. ಊರಿನ ಶಾಲೆಯ ಒಳಗೆ ಕಾಲಿಡದೆಯೇ ಅದನ್ನು ಕೈಬಿಟ್ಟವರು ಬಹಳ ಜನ.

ಮೊದಲು ನೋಡಬೇಕಾದದ್ದು ಮಕ್ಕಳ ನೋಟ್‌ಬುಕ್. ನಿಮ್ಮ ಮಗು ಸೇರಲಿರುವ ತರಗತಿಗಿಂತ ಒಂದು ಮೇಲಿನ ತರಗತಿಯ ನಾಲ್ಕು ಪುಸ್ತಕ ಕೇಳಿ. ನಾಲ್ಕರಲ್ಲೂ ಒಂದೇ ಪದಗಳಲ್ಲಿ ಒಂದೇ ಉತ್ತರ ಇದ್ದರೆ ಮಕ್ಕಳು ಬೋರ್ಡಿನಿಂದ ನಕಲು ಮಾಡಿದ್ದಾರೆ ಎಂದರ್ಥ. ತಪ್ಪುಗಳಿದ್ದು, ಟೀಚರ್ ತಿದ್ದಿ, ಮಗು ಮತ್ತೆ ಬರೆದ ಗುರುತಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ. ತಪ್ಪೇ ಇಲ್ಲದ ಪುಸ್ತಕವನ್ನು ನಂಬಬೇಡಿ. ಆಮೇಲೆ ಅವಕಾಶ ಕೊಟ್ಟರೆ ನಾಲ್ಕನೇ ತರಗತಿಯ ಒಂದು ಮಗುವಿನ ಕೈಲಿ ಎರಡನೇ ತರಗತಿಯ ಪಠ್ಯದ ಅರ್ಧ ಪುಟ ಓದಿಸಿ, 52ರಲ್ಲಿ 27 ಕಳೆಯಲು ಹೇಳಿ. ಈ ಎರಡರಲ್ಲಿ ಬಹುಪಾಲು ಉತ್ತರ ಸಿಗುತ್ತದೆ.

ಎರಡನೆಯದು ಟೀಚರುಗಳ ಸಂಖ್ಯೆ. ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಹಾಗಾಗಿ 18 ಮಕ್ಕಳ ಊರಶಾಲೆಯಲ್ಲಿ ಇಬ್ಬರೇ ಇದ್ದರೆ ಅದು ಕೊರತೆಯಲ್ಲ. ಒಬ್ಬೊಬ್ಬರಿಗೆ ಒಂಬತ್ತು ಮಕ್ಕಳು. ಪಟ್ಟಣದ ಶಾಲೆಯ 45 ಮಕ್ಕಳ ಕೋಣೆಯಲ್ಲಿ ಸಿಗದ ಗಮನ ಅಲ್ಲಿ ಸಿಗಬಹುದು. ಆದರೆ ಆ ಇಬ್ಬರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಐದು ತರಗತಿಗೆ ಒಬ್ಬರೇ. ಖಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ಮುಖ್ಯಶಿಕ್ಷಕರು ಈ ಶಾಲೆಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿ. ಏಕೋಪಾಧ್ಯಾಯ ಶಾಲೆಯಾದರೆ ನಾವು ಸುಮ್ಮನೆ ಬೇರೆ ಶಾಲೆ ನೋಡಿ ಎನ್ನುತ್ತೇವೆ, ಆ ಒಬ್ಬರು ಎಷ್ಟೇ ಒಳ್ಳೆಯವರಾದರೂ. ಸರ್ಕಾರಿ ಶಾಲೆಯಲ್ಲಿ 1ರಿಂದ 3ನೇ ತರಗತಿಯವರು ಒಟ್ಟಿಗೆ ಕೂತಿದ್ದರೆ ಗಾಬರಿ ಬೇಡ. ಅದು ನಲಿ-ಕಲಿ, ಪದ್ಧತಿಯೇ ಹಾಗೆ. ಕಾರ್ಡು, ಗುಂಪು, ಕಲಿಕಾ ಏಣಿ ಬಳಕೆಯಲ್ಲಿವೆಯೋ ಅಥವಾ ಮೂಲೆಯಲ್ಲಿ ಧೂಳು ಹಿಡಿದಿವೆಯೋ ಎಂದಷ್ಟೇ ನೋಡಿ.

6, 7, 8ನೇ ತರಗತಿಗೆ ಬೇರೆಯೇ ಅಳತೆ. ವಿಜ್ಞಾನ–ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಇರಲೇಬೇಕು. ಊರಿನ ಶಾಲೆಯಲ್ಲಿ ಗಣಿತದ ಹುದ್ದೆ ಎರಡು ವರ್ಷದಿಂದ ಖಾಲಿ ಇದ್ದರೆ ದೂರದ ಶಾಲೆಗೆ ಕಳಿಸಲು ಅದು ಬೆರಳಿಟ್ಟು ತೋರಿಸಬಹುದಾದ ಕಾರಣ. ಶಿಕ್ಷಕರ ಸಂಖ್ಯೆ, ಮಕ್ಕಳ ಸಂಖ್ಯೆ, ಶೌಚಾಲಯ, ಗ್ರಂಥಾಲಯದ ವಿವರ, ಶಾಲೆಗಳ ಅಂಕಿಅಂಶ ಇಡುವ ಸರ್ಕಾರದ ಯುಡೈಸ್ ಜಾಲತಾಣದಲ್ಲಿ ಪ್ರತಿ ಶಾಲೆಯ 11 ಅಂಕಿಯ ಸಂಕೇತದಡಿ ಸಿಗುತ್ತದೆ. ಅದು ಶಾಲೆಯವರೇ ತುಂಬಿದ ಮಾಹಿತಿ, ಆದ್ದರಿಂದ ಹೋಗಿ ನೋಡಿದ್ದಕ್ಕೆ ತಾಳೆ ಹಾಕಲು ಬಳಸಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಬ್ಯಾನರ್ ಕಂಡರೆ ಶೇಕಡಾವಾರು ಬಿಟ್ಟು ಎರಡು ಸಂಖ್ಯೆ ಕೇಳಿ: ಹಿಂದಿನ ವರ್ಷ ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಪರೀಕ್ಷೆಗೆ ಕೂತವರು ಎಷ್ಟು? 40 ಇದ್ದವರು 31 ಆಗಿದ್ದರೆ ಆ ಒಂಬತ್ತು ಮಕ್ಕಳಿಗೆ ಟಿ.ಸಿ. ಕೊಟ್ಟು ನೂರಕ್ಕೆ ನೂರು ತೆಗೆದಿರಬಹುದು. ಕಲಿಕೆಯಲ್ಲಿ ಹಿಂದೆ ಬೀಳುವ ಮಗುವಿನ ತಂದೆತಾಯಿಗಂತೂ ಬೇರೆ ಯಾವ ಸಂಖ್ಯೆಗಿಂತ ಇದು ಮುಖ್ಯ.

ಇಂಗ್ಲಿಷ್ ಮಾಧ್ಯಮದ ಮಾತು. ದೂರದ ಶಾಲೆಗೆ ಕಳಿಸುವ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಬಾಯಿ ಬಿಟ್ಟು ಹೇಳಲಿ ಬಿಡಲಿ, ಕಾರಣ ಅದೇ. ಕೊಡಗಿನ ಸಂಗತಿ ಬೇರೆ ಜಿಲ್ಲೆಗಳಂತಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಭಾಷೆ ಆಡುವ ಮಗುವಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಆರನೇ ವರ್ಷಕ್ಕೆ ಮೂರನೆಯ ಭಾಷೆಯಲ್ಲಿ ಲೆಕ್ಕ ಕಲಿಸುವುದಾದರೆ ಕಲಿಸುವವರು ಆ ಭಾಷೆಯನ್ನು ಸಲೀಸಾಗಿ ಆಡಬೇಕು. ಟೀಚರ ಜೊತೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡಿ. ಪಠ್ಯ ಇಂಗ್ಲಿಷ್, ವಿವರಣೆ ಕನ್ನಡ, ಉತ್ತರ ಬಾಯಿಪಾಠ ಎನ್ನುವಂಥ ‘ಇಂಗ್ಲಿಷ್ ಮೀಡಿಯಂ’ಗಾಗಿ ದಿನಕ್ಕೆ ಎರಡೂವರೆ ಗಂಟೆ ಕೊಡುವುದು ದುಬಾರಿ. ಹತ್ತಿರದ ಸರ್ಕಾರಿ ಶಾಲೆಗಳಲ್ಲಿ ದ್ವಿಭಾಷಾ ವಿಭಾಗ ಇದೆಯೇ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ ನಿಮ್ಮ ಹೋಬಳಿಯಲ್ಲಿದೆಯೇ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿದ ಮೇಲೆ ಮುಂದುವರಿಯಿರಿ.

ಮಳೆ, ರಜೆ, ಆನೆ

ಜಿಲ್ಲೆಯ ಮಳೆ ಒಂದೇ ತೆರನಲ್ಲ. ಭಾಗಮಂಡಲದಲ್ಲಿ ಆಕಾಶವೇ ಕಳಚಿ ಬೀಳುತ್ತಿರುವಾಗ ಕುಶಾಲನಗರದಲ್ಲಿ ತುಂತುರು ಇರುತ್ತದೆ. ಮಳೆ ರಜೆಯನ್ನು ಜಿಲ್ಲಾಧಿಕಾರಿ ಕೆಲವು ಸಲ ಇಡೀ ಜಿಲ್ಲೆಗೆ, ಕೆಲವು ಸಲ ತಾಲ್ಲೂಕಿಗೆ ಸೀಮಿತವಾಗಿ ಕೊಡುತ್ತಾರೆ. ಮನೆ ಮಡಿಕೇರಿ ತಾಲ್ಲೂಕಿನಲ್ಲಿ, ಶಾಲೆ ಕುಶಾಲನಗರ ತಾಲ್ಲೂಕಿನಲ್ಲಿ ಇದ್ದರೆ ಮನೆ ಮುಂದಿನ ತೋಡು ಉಕ್ಕುತ್ತಿರುತ್ತದೆ, ಅಲ್ಲಿ ಶಾಲೆ ತೆರೆದಿರುತ್ತದೆ. ಇಂಥ ದಿನಗಳಿಗೆ ಹಾಜರಾತಿ ಹೇಗೆ, ತಪ್ಪಿದ ಪಾಠ ಹೇಗೆ ಎಂದು ಸೇರಿಸುವಾಗಲೇ ಕೇಳಿ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಬೇಕು. ಹತ್ತನೇ ತರಗತಿಯ ಜೂನ್–ಆಗಸ್ಟ್‌ನಲ್ಲೇ ಹದಿನೈದು ದಿನ ಹೋದರೆ ಆಮೇಲೆ ಜ್ವರಕ್ಕೋ ಇನ್ನೊಂದಕ್ಕೋ ಉಳಿಯುವ ಜಾಗ ಕಡಿಮೆಯಾಗುತ್ತದೆ. ಮಳೆ ರಜೆ ತುಂಬಿಸಲು ಶನಿವಾರ ಪೂರ್ತಿ ದಿನ ತರಗತಿ ಇಟ್ಟಾಗ ವ್ಯಾನು ಸಂಜೆ ಬರುತ್ತದೆಯೇ ಎಂಬುದೂ ಕೇಳಬೇಕಾದ ಸಂಗತಿ.

ದಾರಿಯಲ್ಲಿ ಎರಡು ಬಗೆಯ ಅಡ್ಡಿ. ನೀರು ಏರಿ ಇಳಿಯುವ ಅಡ್ಡಿ ಒಂದೆರಡು ದಿನದ್ದು. ಭಾಗಮಂಡಲ–ನಾಪೋಕ್ಲು ರಸ್ತೆ ಮುಳುಗುವುದು ಈ ಜಾತಿಯದು. ಗುಡ್ಡ ಜರಿಯುವುದು ವಾರಗಟ್ಟಲೆಯದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದುಹೋದಾಗ ಆ ಬದಿಯ ಊರುಗಳಿಗೆ ಮಡಿಕೇರಿ ಎನ್ನುವುದೇ ದೂರದ ಪಟ್ಟಣವಾಯಿತು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದದ್ದೂ ಆಗಸ್ಟ್‌ನಲ್ಲೇ. ಹಾಗಾಗಿ ಮನೆ–ಶಾಲೆ ನಡುವೆ ಎರಡನೇ ದಾರಿ ಇದೆಯೇ ನೋಡಿ. ಒಂದೇ ದಾರಿ, ಅದೂ ಗುಡ್ಡದ ಬದಿ ಕಡಿದು ಅಗಲ ಮಾಡಿದ ದಾರಿಯಾದರೆ ಶಾಲೆಯಿರುವ ಊರಿನಲ್ಲಿ ಮಗು ಒಂದು ರಾತ್ರಿ ಉಳಿಯಬಹುದಾದ ಪರಿಚಯದ ಮನೆ ಇರಲೇಬೇಕು. ಹಾಗೊಂದು ಮನೆ ಇಲ್ಲದವರು ಆ ಶಾಲೆಯನ್ನು ಪಟ್ಟಿಯಿಂದ ತೆಗೆಯುವುದು ಮೇಲು. ಕರೆಂಟು ಹೋಗಿ ಟವರ್ ಸತ್ತ ದಿನ ಫೋನ್ ಹತ್ತುವುದಿಲ್ಲ. ‘ಐದೂವರೆಗೆ ವ್ಯಾನು ಬರದಿದ್ದರೆ ಮಗು ಇಂಥವರ ಮನೆಯಲ್ಲಿರುತ್ತದೆ’ ಎಂದು ಮೊದಲೇ ಶಾಲೆಗೆ ಬರೆದು ಕೊಟ್ಟಿರಿ.

ಆನೆಯ ಲೆಕ್ಕ ತಿತಿಮತಿ, ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದು ತೋಟ ನೋಡಿಕೊಳ್ಳುವವರಿಗೆ ಹೇಳಬೇಕು: ಹಲಸು ಹಣ್ಣಾಗುವ ಕಾಲದಲ್ಲೂ ಭತ್ತ ಕೊಯ್ಲಿನ ಕಾಲದಲ್ಲೂ ಆನೆ ತೋಟದೊಳಗೇ ಇರುತ್ತದೆ, ಬೆಳಗಿನ ಜಾವ ದಾರಿ ದಾಟುತ್ತದೆ. ಡಿಸೆಂಬರ್–ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6.45ರ ಆಚೀಚೆ. 6.30ಕ್ಕೆ ಗೇಟಿಗೆ ಬರಬೇಕಾದ ಮಗು ಕತ್ತಲಲ್ಲಿ ಕಾಫಿ ಗಿಡಗಳ ನಡುವೆ ಅರ್ಧ ಮೈಲಿ ನಡೆಯಬೇಕೆಂದಾದರೆ, ದೊಡ್ಡವರೊಬ್ಬರು ದಿನಾ ಜೀಪಿನಲ್ಲಿ ಬಿಡಲಾಗದಿದ್ದರೆ, ಆ ಶಾಲೆ ಬೇಡ. ಕಾಫಿ ಕೊಯ್ಲು ಬಿದ್ದಾಗ ಜೀಪೂ ಡ್ರೈವರೂ ಬೇರೆ ಕೆಲಸಕ್ಕೆ ಹೋಗುತ್ತಾರೆ ಎಂಬುದು ಲೆಕ್ಕದಲ್ಲಿರಲಿ. ಸಂಜೆ ಬೈಕಿನಲ್ಲಿ ಕರೆತರುವ ಏರ್ಪಾಡೂ ಈ ಊರುಗಳಲ್ಲಿ ಸಲ್ಲದು. ಅರಣ್ಯ ಇಲಾಖೆಯ ವಲಯ ಕಚೇರಿಯವರು ಆನೆ ಇರುವ ಜಾಗದ ಸಂದೇಶ ಕಳಿಸುವ ವಾಟ್ಸಾಪ್ ಗುಂಪು ನಿಮ್ಮ ಕಡೆ ಇದ್ದರೆ ವ್ಯಾನ್ ಡ್ರೈವರನ್ನೂ ಅದಕ್ಕೆ ಸೇರಿಸಿ.

ವಾಹನ ನೋಡುವ ಬಗೆ

ಶಾಲೆಯ ಸ್ವಂತ ಬಸ್ಸು, ಬಾಡಿಗೆ ವ್ಯಾನು, ಸಾರಿಗೆ ಬಸ್ಸು, ಮನೆಯ ಕಾರು. ಸುರಕ್ಷತೆಯಲ್ಲಿ ನಾವು ಇದೇ ಅನುಕ್ರಮ ಹೇಳುವುದಿಲ್ಲ. ಒಳ್ಳೆಯ ಡ್ರೈವರಿನ ಸಾರಿಗೆ ಬಸ್ಸು ಬೋಳು ಟಯರಿನ ವ್ಯಾನಿಗಿಂತ ಎಷ್ಟೋ ವಾಸಿ.

ಶಾಲಾ ಬಸ್ಸಿಗೆ ಗಂಟೆಗೆ 40 ಕಿ.ಮೀ. ಮೀರದಂತೆ ಸ್ಪೀಡ್ ಗವರ್ನರ್, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಮಕ್ಕಳನ್ನು ನೋಡಿಕೊಳ್ಳುವ ಸಹಾಯಕರು, ಭಾರಿ ವಾಹನ ಓಡಿಸಿ ಕನಿಷ್ಠ ಐದು ವರ್ಷದ ಅನುಭವವಿರುವ ಚಾಲಕ — ಇವಿಷ್ಟು ಇರಬೇಕು. ಬಾಡಿಗೆ ವ್ಯಾನಾದರೆ ಮೊದಲು ನಂಬರ್ ಪ್ಲೇಟ್ ನೋಡಿ. ಬಿಳಿ ಬೋರ್ಡಿನ ಖಾಸಗಿ ಓಮ್ನಿಯಲ್ಲಿ ಹಣ ಪಡೆದು ಮಕ್ಕಳನ್ನು ಸಾಗಿಸಿದರೆ ಅಪಘಾತವಾದ ದಿನ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಹಳದಿ ಬೋರ್ಡೇ ಇರಲಿ. ವಾಹನದ ಅರ್ಹತಾಪತ್ರವಾದ ಎಫ್‌ಸಿ, ವಿಮೆಯ ಅವಧಿಯನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎರಡು ನಿಮಿಷದಲ್ಲಿ ನೋಡಬಹುದು. ಮೇ ಕೊನೆಯಲ್ಲಿ ಟಯರ್ ನೋಡಿ. ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿಗೇ ಒಪ್ಪಿಗೆಯಿಲ್ಲ, ನಮ್ಮ ಇಳಿಜಾರಿನಲ್ಲಿ ಅದರ ಎರಡರಷ್ಟಾದರೂ ಬೇಕು. ವೈಪರ್, ಮಂಜಿನ ದೀಪ, ಹಿಂದಿನ ಬಾಗಿಲಿನ ಚಿಲಕ. ಗ್ಯಾಸ್ ಕಿಟ್ ಇರುವ ವಾಹನದಲ್ಲಿ ಸಿಲಿಂಡರಿನ ಮೇಲೆ ಹಲಗೆ ಹಾಕಿ ಮಕ್ಕಳನ್ನು ಕೂರಿಸುವವರಿದ್ದಾರೆ. ಕಂಡರೆ ಅಲ್ಲಿಗೇ ಬಿಡಿ.

ಸಾರಿಗೆ ಬಸ್ಸಿನ ಸಂಗತಿಯಲ್ಲಿ ಒಂದು ಗುಟ್ಟಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸು ಇದೆ. ಆದರೆ ಜಿಲ್ಲೆಯ ಎಷ್ಟೋ ಒಳಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿಯೂ ಇಲ್ಲ, ಸರ್ಕಾರಿ ಪಾಸೂ ನಡೆಯುವುದಿಲ್ಲ. ನಿಮ್ಮ ಮಾರ್ಗದಲ್ಲಿ ಬೆಳಿಗ್ಗೆಯ ಬಸ್ಸು ಸರ್ಕಾರಿ, ಸಂಜೆಯದು ಖಾಸಗಿ ಎಂದಿರಬಹುದು. ಸಂಜೆ ಒಂದು ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂಬುದೇ ಇಲ್ಲಿ ನಿರ್ಣಾಯಕ. ಒಂದು ಗಂಟೆಗಿಂತ ಹೆಚ್ಚಾದರೆ ಎಂಟನೇ ತರಗತಿಗಿಂತ ಕೆಳಗಿನವರಿಗೆ ಸಾರಿಗೆ ಬಸ್ಸು ಬೇಡ.

ತಿರುವುಗಳಲ್ಲಿ ವಾಂತಿ ಮಾಡುವ ಮಗುವಿಗೆ ‘ಅಭ್ಯಾಸವಾಗುತ್ತದೆ’ ಎಂದು ಹೇಳುತ್ತೇವೆ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಹನ್ನೆರಡು ವರ್ಷ ದಾಟುವವರೆಗೂ ಆಗುವುದಿಲ್ಲ. ಕಣ್ಣು ಸೀಟಿನ ಬೆನ್ನನ್ನು ನೋಡುತ್ತಿರುತ್ತದೆ, ಒಳಗಿವಿ ಮಾತ್ರ ತಿರುವನ್ನು ಹೇಳುತ್ತಿರುತ್ತದೆ. ಇವೆರಡರ ಜಗಳವೇ ವಾಂತಿ. ಆದ್ದರಿಂದ ಮುಂದಿನ ಸಾಲಿನ ಕಿಟಕಿ ಸೀಟು ಕೇಳಿ ಪಡೆಯಿರಿ, ದೂರದ ರಸ್ತೆ ನೋಡಲು ಹೇಳಿ, ಪುಸ್ತಕ–ಮೊಬೈಲ್ ಬೇಡ. ಹೊರಡುವ ಒಂದು ಗಂಟೆ ಮೊದಲು ಒಂದು ಇಡ್ಲಿಯಷ್ಟು ತಿಂದು, ಉಳಿದದ್ದನ್ನು ಶಾಲೆಯಲ್ಲಿ ತಿನ್ನಲಿ. ಬರೀ ಹೊಟ್ಟೆಯೂ ಕೆಟ್ಟದ್ದೇ. ವೈದ್ಯರನ್ನು ಕೇಳದೆ ದಿನಾ ಮಾತ್ರೆ ಕೊಡಬೇಡಿ, ಅವುಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ಇನ್ನು ಹೆಣ್ಣುಮಕ್ಕಳ ವಿಷಯ: ದಾರಿಯಲ್ಲಿ ತೊಂದರೆಯಾದೀತೆಂದು ನೀರೇ ಕುಡಿಯದೆ, ಏಳರಿಂದ ಐದರವರೆಗೆ ಮೂತ್ರ ಕಟ್ಟಿಕೊಂಡು ಕೂತು ಸೋಂಕು ಮಾಡಿಕೊಳ್ಳುವವರಿದ್ದಾರೆ. ಶಾಲೆಯ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂದು ಒಳಗೆ ಹೋಗಿ ನೋಡಿ ಬನ್ನಿ. ಹೊರಡುವ ಮುನ್ನ ಶೌಚಾಲಯಕ್ಕೆ ಹೋಗಿಬರುವುದು ಮಗುವಿಗೆ ರೂಢಿಯಾಗಲಿ.

ಪಟ್ಟಣಕ್ಕೆ ಕಳಿಸಿದರೆ ಕೈತಪ್ಪುವ ಮೀಸಲಾತಿ

ಸೇರಿಸುವಾಗ ಯಾರೂ ಹೇಳದ, ಹತ್ತು ವರ್ಷದ ನಂತರ ತಿಳಿಯುವ ನಷ್ಟವಿದು. ಗಾಳಿಬೀಡಿನ ಜವಾಹರ ನವೋದಯ ವಿದ್ಯಾಲಯಕ್ಕೆ ಆರನೇ ತರಗತಿಗೆ ಪರೀಕ್ಷೆ ಬರೆದು ಸೇರಬೇಕು. ಒಬ್ಬರಿಗೆ ಒಂದೇ ಅವಕಾಶ. ಅಲ್ಲಿ ಶೇ 75 ಸೀಟು ಗ್ರಾಮೀಣರಿಗೆ. ಗ್ರಾಮೀಣರೆಂದು ಪರಿಗಣಿಸಲು ಮಗು 3, 4, 5ನೇ ತರಗತಿಯನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹಳ್ಳಿಯಲ್ಲೇ ಮನೆಯಿದ್ದು ನಾಲ್ಕನೇ ತರಗತಿಗೆ ಮಡಿಕೇರಿ ನಗರದ ಶಾಲೆಗೆ ಹಾಕಿದರೆ ಆ ಮಗು ಉಳಿದ ಶೇ 25ರಲ್ಲಿ ಸ್ಪರ್ಧಿಸಬೇಕಾಗುತ್ತದೆ.

ಸಿಇಟಿಯಲ್ಲೂ ಹಾಗೇ. ವೃತ್ತಿಶಿಕ್ಷಣ ಸೀಟುಗಳಲ್ಲಿ ಗ್ರಾಮೀಣ ಮೀಸಲು ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ 1ರಿಂದ 10ರವರೆಗೆ ಹತ್ತೂ ವರ್ಷ ಹಾಗೆ ಓದಿರಬೇಕು. ಒಂದು ವರ್ಷ ತಪ್ಪಿದರೂ ಇಲ್ಲ. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ, ನಿಮ್ಮ ಮನೆ ಇರುವ ಜಾಗವಲ್ಲ. ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆಯೋ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಯಲ್ಲಿದೆಯೋ ಎಂದು ಬಿಇಒ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ಪಟ್ಟಣದ ಅಂಚಿನಲ್ಲಿ ಪಂಚಾಯಿತಿ ವ್ಯಾಪ್ತಿಯೊಳಗೇ ಇರುವ ಖಾಸಗಿ ಶಾಲೆ ಸಿಕ್ಕಿದರೆ ಶಾಲೆಯ ಆಯ್ಕೆಯೂ ಗ್ರಾಮೀಣ ಮೀಸಲೂ ಎರಡೂ ಉಳಿದಂತಾಯಿತು.

ಎರಡರ ನಡುವಿನ ದಾರಿಗಳು

ಊರಿನ ಶಾಲೆ ಸಾಧಾರಣ, ದೂರದ್ದು ಚೆನ್ನಾಗಿದೆ, ದಾರಿ ಮಾತ್ರ ಹೆಚ್ಚಾಯಿತು ಎನ್ನುವವರಿಗೆ ನಾವು ಮೊದಲು ಹೇಳುವುದು: ನಾಲ್ಕನೇ ತರಗತಿವರೆಗೆ ಊರಿನಲ್ಲೇ ಇರಿಸಿ, ವ್ಯಾನಿನ ಹಣವನ್ನು ಮನೆಯಲ್ಲಿ ಖರ್ಚು ಮಾಡಿ. ವ್ಯಾನಿಗೆ ತಿಂಗಳಿಗೆ 2,500 ಎಂದಿಟ್ಟುಕೊಂಡರೆ ಹತ್ತು ತಿಂಗಳಿಗೆ 25,000. ಶುಲ್ಕದ ವ್ಯತ್ಯಾಸ ಬೇರೆ. ಊರಿನಲ್ಲೇ ಓದಿಕೊಂಡ ಹುಡುಗಿಯೊಬ್ಬಳು ವಾರಕ್ಕೆ ನಾಲ್ಕು ಸಂಜೆ ಇಂಗ್ಲಿಷ್ ಮಾತು, ಲೆಕ್ಕ ಹೇಳಿಕೊಡಲು, ವರ್ಷಕ್ಕೆ ನಲವತ್ತು ಕಥೆಪುಸ್ತಕ ಕೊಳ್ಳಲು ಇಷ್ಟು ಸಾಕಾಗಿ ಮಿಗುತ್ತದೆ. ಜೊತೆಗೆ ಮಗು ಬಿಸಿಯೂಟ ಉಣ್ಣುತ್ತದೆ, ಸಂಜೆ ನಾಲ್ಕೂವರೆಗೆ ಮನೆಯಲ್ಲಿರುತ್ತದೆ, ಮೈದಾನದಲ್ಲಿ ಹಾಕಿ ಸ್ಟಿಕ್ ಹಿಡಿಯುತ್ತದೆ. ದೂರದ ಶಾಲೆಯಲ್ಲಿ ಎಷ್ಟು ಒಳ್ಳೆಯ ಮೈದಾನವಿದ್ದರೂ ನಾಲ್ಕಕ್ಕೇ ವ್ಯಾನು ಹತ್ತುವ ಮಗುವಿಗೆ ಅದು ಬರೀ ನೋಡಲಿಕ್ಕೆ. ಮಗು ಊರಿನ ಶಾಲೆಯಲ್ಲಿದ್ದರೆ ನೀವು ಶಾಲೆಯ ಪೋಷಕರ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಇರಬಹುದು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೊಡಿ ಎಂದು ಬಿಇಒ ಬಳಿ ಕೇಳುವ ಅರ್ಜಿಗೆ ಬೆಲೆ ಬರುವುದು ಆಗಲೇ.

ಆರನೇ ತರಗತಿಗೆ ವಸತಿ ಶಾಲೆಗಳ ಬಾಗಿಲು ತೆರೆಯುತ್ತದೆ: ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕೂಡಿಗೆಯ ಸೈನಿಕ ಶಾಲೆ. ಸೈನಿಕ ಶಾಲೆಗೆ ಒಂಬತ್ತನೇ ತರಗತಿಗೂ ಪ್ರವೇಶವಿದೆ, ಈಗ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ. ಐದನೇ ತರಗತಿಯ ಜೂನ್‌ನಿಂದಲೇ ಅರ್ಜಿಗಳ ಮೇಲೆ ಕಣ್ಣಿಡಿ. ದಿನಕ್ಕೆ ಮೂರು ಗಂಟೆ ವ್ಯಾನಿನಲ್ಲಿ ಕೂರುವ ಹದಿಮೂರರ ಮಗುವಿಗಿಂತ ಹಾಸ್ಟೆಲಿನಲ್ಲಿರುವ ಮಗು ಹೆಚ್ಚು ನಿದ್ದೆ ಮಾಡುತ್ತದೆ ಎಂಬುದು ಮನಸ್ಸಿಗೆ ಒಗ್ಗದಿದ್ದರೂ ನಿಜ. ಹತ್ತು ವರ್ಷದೊಳಗಿನವರನ್ನು ಹಾಸ್ಟೆಲಿಗೆ ಹಾಕುವುದು ನಮಗೆ ಒಪ್ಪಿಗೆಯಿಲ್ಲ.

ಅಜ್ಜಿ ಮನೆ ಶಾಲೆಯ ಹತ್ತಿರವಿದ್ದರೆ ಸೋಮವಾರದಿಂದ ಶುಕ್ರವಾರ ಅಲ್ಲಿ ಇರಿಸುವುದು ನಮ್ಮಲ್ಲಿ ಹಳೆಯ ರೂಢಿ, ಒಳ್ಳೆಯ ರೂಢಿಯೂ ಹೌದು. ಹೋಂವರ್ಕ್ ನೋಡುವವರು ಯಾರು, ಮೊಬೈಲ್ ಯಾರ ಕೈಯಲ್ಲಿ ಎಂಬುದನ್ನು ಬಾಯಿಬಿಟ್ಟು ಮಾತಾಡಿಕೊಂಡಿರಬೇಕು. ಅಮ್ಮ–ಮಕ್ಕಳು ಪಟ್ಟಣದಲ್ಲಿ ಬಾಡಿಗೆ ಮನೆ, ಅಪ್ಪ ತೋಟದಲ್ಲಿ ಎನ್ನುವ ಎರಡು ಮನೆಯ ಏರ್ಪಾಡಿನಲ್ಲಿ ಬಾಡಿಗೆಗಿಂತ ದೊಡ್ಡ ಖರ್ಚು ತೋಟದ ಮೇಲಿನ ಗಮನ ಕಡಿಮೆಯಾಗುವುದು. ಎರಡು ಮಕ್ಕಳಾದರೂ ಇದ್ದು, ಕನಿಷ್ಠ ಐದು ವರ್ಷಕ್ಕೆಂದು ಹೋಗುವುದಾದರೆ ಮಾತ್ರ ಹೊಂದುತ್ತದೆ. ಪಿಯುಸಿಗೆ ಈ ಚರ್ಚೆಯೇ ಬೇಡ. ಹದಿನಾರರ ಮಕ್ಕಳು ಬಸ್ಸಿನಲ್ಲಿ ಒಂದೂವರೆ ಗಂಟೆ ಕೂರಬಲ್ಲರು, ಬೇಕಾದ ವಿಷಯ ಸಿಗುವ ಕಾಲೇಜು ನೋಡಿ.

ಕಳಿಸಲು ಶುರುಮಾಡಿದ ಮೇಲೆ

ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆಯಿರಿ: ಎದ್ದ ಹೊತ್ತು, ಮನೆಗೆ ಬಂದ ಹೊತ್ತು, ಮಲಗಿದ ಹೊತ್ತು, ಶಾಲೆ ತಪ್ಪಿದ ದಿನ. ಭಾನುವಾರ ಹತ್ತು ಗಂಟೆಯಾದರೂ ಏಳದಿರುವುದು, ವ್ಯಾನು ಇಳಿದು ತಿಂಡಿ ತಿನ್ನದೆ ಮಲಗಿಬಿಡುವುದು, ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ತಿಂಗಳಿಗೆ ಎರಡು ಸಲ ಶೀತ–ಜ್ವರ — ಇವು ಕಾಣತೊಡಗಿದರೆ ಶಾಲೆ ಎಷ್ಟೇ ಚೆನ್ನಾಗಿರಲಿ, ದಾರಿ ಮಗುವಿಗೆ ಹೆಚ್ಚಾಗಿದೆ. ಬ್ಯಾಗೂ ತೂಗಿ ನೋಡಿ: 1–2ನೇ ತರಗತಿಗೆ 2 ಕೆ.ಜಿ., 3–5ಕ್ಕೆ 3, 6–8ಕ್ಕೆ 4, 9–10ಕ್ಕೆ 5 ಕೆ.ಜಿ. ಮೀರಬಾರದೆಂದು ರಾಜ್ಯದ ಸುತ್ತೋಲೆಯೇ 2019ರಲ್ಲಿ ಬಂದಿದೆ. ಮಳೆಗಾಲದಲ್ಲಿ ಅದಕ್ಕೆ ಕೊಡೆ, ರೈನ್‌ಕೋಟ್, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಒಂದು ಜೊತೆ ಒಣ ಕಾಲುಚೀಲ ಸೇರುತ್ತದೆ. ಕಾಲುಚೀಲವನ್ನಂತೂ ಬಿಡಬೇಡಿ, ಒದ್ದೆ ಕಾಲಲ್ಲಿ ಎಂಟು ಗಂಟೆ ಕೂತರೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು.

ಹಿಂದಕ್ಕೆ ಕರೆತರಬೇಕೆಂದಾದರೆ ದಸರಾ ರಜೆ ಒಳ್ಳೆಯ ಸಮಯ, ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ. ಹೊಸ ಶಾಲೆಯವರ ಒಪ್ಪಿಗೆ ಮೊದಲು ಪಡೆಯಿರಿ, ಆಮೇಲೆ ಟಿ.ಸಿ.ಗೆ ಅರ್ಜಿ ಕೊಡಿ, ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ಜಾಲತಾಣವಾದ ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು ಹೊಸ ಶಾಲೆಗೆ ವರ್ಗವಾಗಿದೆಯೇ ಎಂದು ನೋಡಿಕೊಳ್ಳಿ. ಬಾಕಿ ಶುಲ್ಕದ ನೆಪದಲ್ಲಿ ಟಿ.ಸಿ. ತಡೆದರೆ ಲಿಖಿತವಾಗಿ ಕಾರಣ ಕೇಳಿ ಬಿಇಒ ಕಚೇರಿಗೆ ದೂರು ಕೊಡಿ. 8ನೇ ತರಗತಿವರೆಗೆ ಟಿ.ಸಿ. ಬರುವುದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹೊರಗಿಡುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಹಾಗಿದೆ.